ಅಜ್ಜಿ ಹೋದ ದಿನಾಂಕ ಹುಡುಕಿಕೊಂಡು

18 ನವೆಂಬರ್ 2025, ಮಂಗಳವಾರ
ತುಮಕೂರು, ರಾತ್ರಿ

ಇವತ್ತು ಮಧುಗಿರಿ ಎಸಿ (ಉಪವಿಭಾಗಾಧಿಕಾರಿ) ಆಫೀಸಲ್ಲಿ ಅರ್ಜಿ ಕೊಟ್ಟು ಬಂದ್ವಿ, ನಾನು ಮತ್ತೆ ಚಿಕ್ಕಪ್ಪ. ಅಜ್ಜಿ ತೀರಿಕೊಂಡು ಇಪ್ಪತ್ತೊಂಬತ್ತು ವರ್ಷ ಆದ್ಮೇಲೆ ಅವಳ ಮರಣ ನೋಂದಣಿ ಮಾಡಿಕೊಡಿ ಅಂತ ಅರ್ಜಿ. ಮೂರು ತಿಂಗಳಿಂದ ಓಡಾಡ್ತಿರೋದನ್ನ ಬರೀಬೇಕು ಅಂದ್ಕೋತಾನೇ ಇದ್ದೆ, ಇವತ್ತು ಬಸ್ಸಲ್ಲಿ ಬರ್ತಾ ತೀರ್ಮಾನ ಮಾಡಿದೆ, ನಮ್ಮ ಹಾಗೆ ಇನ್ನೊಂದು ಮನೆಯವರು ಅಲೆಯೋದು ತಪ್ಪಿದ್ರೆ ಅಷ್ಟೇ ಸಾಕು.

ಆಗಸ್ಟಲ್ಲಿ ಅಪ್ಪ ಹೋದ್ರು. ತುಮಕೂರಲ್ಲಿ ಆಸ್ಪತ್ರೆಯಲ್ಲಿ. ಮಣ್ಣು ಮಾಡಿದ್ದು ಊರಲ್ಲಿ, ಮಧುಗಿರಿ ಹತ್ರ, ನಮ್ಮ ಹೊಲದಲ್ಲೇ. ಕಾರ್ಯ ಎಲ್ಲ ಊರಲ್ಲೇ ಆಯ್ತಲ್ಲ ಅಂತ ಡೆತ್ ಸರ್ಟಿಫಿಕೇಟೂ ಊರಿನ ಕಡೆಯೇ ಸಿಗುತ್ತೆ ಅಂದ್ಕೊಂಡು ಚಿಕ್ಕಪ್ಪ ಎರಡು ಸಲ ನಾಡಕಚೇರಿಗೆ ಹೋಗಿ ವಾಪಸ್ ಬಂದ್ರು. ಆಮೇಲೆ ಗೊತ್ತಾಯ್ತು, ಸಾವು ಎಲ್ಲಿ ಆಯ್ತೋ ಅಲ್ಲೇ ನೋಂದಣಿ. ಮನೆ ಎಲ್ಲಿದೆ, ಆಧಾರಲ್ಲಿ ಯಾವ ವಿಳಾಸ ಇದೆ, ಎಲ್ಲಿ ಮಣ್ಣು ಮಾಡಿದ್ರು, ಇದು ಯಾವುದೂ ಲೆಕ್ಕಕ್ಕಿಲ್ಲ. ತುಮಕೂರು ಸಿಟಿ ಒಳಗಿನ ಆಸ್ಪತ್ರೆಯಲ್ಲಿ ಹೋದ್ರೆ ತುಮಕೂರಲ್ಲೇ. ಆಸ್ಪತ್ರೆಯವರೇ ಮಾಹಿತಿ ಕಳಿಸ್ತಾರೆ, ಅದು ಅವರ ಜವಾಬ್ದಾರಿ. ಮನೆಯಲ್ಲಿ ಹೋದ್ರೆ ಮಾತ್ರ ಮನೆ ಯಜಮಾನರೋ ಹತ್ತಿರದ ನೆಂಟರೋ ಹೋಗಿ ಹೇಳ್ಬೇಕು. ದಾರಿಯಲ್ಲಿ ಗಾಡಿಯಲ್ಲೇ ಹೋಗಿಬಿಟ್ರೆ ಗಾಡಿ ಮೊದಲು ಎಲ್ಲಿ ನಿಲ್ಲುತ್ತೋ ಆ ಜಾಗದವರಿಗೆ ಮಾಹಿತಿ ಕೊಡ್ಬೇಕು. ಎಲ್ಲದಕ್ಕೂ ಇಪ್ಪತ್ತೊಂದು ದಿನ ಟೈಮು.

ಆ ಇಪ್ಪತ್ತೊಂದು ದಿನ ಹೆಂಗೆ ಕಳೆಯುತ್ತೆ ಅಂತ ಮನೆಯಲ್ಲಿ ಸಾವು ನೋಡಿದವರಿಗೆಲ್ಲ ಗೊತ್ತು. ಹಾಲುತುಪ್ಪ, ಹನ್ನೊಂದನೇ ದಿನ, ಬರೋರು ಹೋಗೋರು, ಅಮ್ಮನಿಗೆ ಊಟ ಮಾಡಿಸೋದೇ ದೊಡ್ಡ ಕೆಲಸ ಆಗಿತ್ತು. ಅದಕ್ಕೇ ಹೇಳ್ತೀನಿ, ಈ ಕೆಲಸನ ಹೆಂಡತಿಗೋ ಮಕ್ಕಳಿಗೋ ಬಿಡ್ಬೇಡಿ, ಅಳಿಯನೋ ಭಾವಮೈದುನನೋ ಪಕ್ಕದ ಮನೆಯ ಓದಿದ ಹುಡುಗನೋ ಒಬ್ಬರು ಮೈಮೇಲೆ ಹಾಕ್ಕೊಳ್ಳಿ. ಆಸ್ಪತ್ರೆಯಲ್ಲಿ ಫಾರಂ ತುಂಬೋವಾಗ್ಲೇ ಆಧಾರ್ ಕಾರ್ಡ್ ಪಕ್ಕದಲ್ಲಿಟ್ಕೊಂಡು ಹೆಸರು ಅಕ್ಷರ ಅಕ್ಷರ ನೋಡಿ. ನಮ್ಮ ಅಪ್ಪನ ಇನಿಶಿಯಲ್ ಬಿಟ್ಟುಹೋಗಿತ್ತು, ನನ್ನ ತಂಗಿ ಗಂಡ ಅಲ್ಲೇ ನೋಡಿ ಹೇಳಿದ್ದಕ್ಕೆ ಸರಿ ಆಯ್ತು. ಒಂದ್ಸಲ ರಿಜಿಸ್ಟರಿಗೆ ಏರಿದ್ಮೇಲೆ ಅಳಿಸಿ ಬರೆಯೋ ಹಾಗಿಲ್ಲ, ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ದಾಖಲೆ. ಇನ್ನೊಂದು ವಿಷಯ, ಸರ್ಟಿಫಿಕೇಟಲ್ಲಿ ಸಾವಿಗೆ ಏನು ಕಾರಣ ಅಂತ ಬರೆದಿರಲ್ಲ, ಕಾನೂನೇ ಹಂಗಿದೆ. ಇನ್ಶೂರೆನ್ಸ್‌ನವರು ಕಾರಣ ಕೇಳಿದ್ರೆ ಆಸ್ಪತ್ರೆಯ ಡಾಕ್ಟರ್ ಕೊಡೋ ಪತ್ರ ಬೇರೆ ಇಟ್ಕೊಂಡಿರ್ಬೇಕು.

ಅಪ್ಪನದು ಹೆಚ್ಚು ಕಷ್ಟ ಇಲ್ಲದೆ ಸಿಕ್ತು. ಸಹಿ ಎಲ್ಲ ಡಿಜಿಟಲ್. ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟೆ, ಅವರು ಹೆಸರು ನೋಡಿ ಮಡಚಿ ಸೀರೆ ಕೆಳಗೆ ಇಟ್ಟುಬಿಟ್ರು.

ಅಸಲಿ ಕಥೆ ಶುರು ಆಗಿದ್ದು ಪೌತಿ ಖಾತೆಗೆ, ಅಂದ್ರೆ ಹೋದವರ ಹೆಸರಲ್ಲಿರೋ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸೋಕೆ ಅಂತ ಹೊರಟಾಗ. ಪಹಣಿ ತೆಗೆಸಿ ನೋಡಿದ್ರೆ ಜಮೀನು ಇನ್ನೂ ತಾತನ ಹೆಸರಲ್ಲೇ ಇದೆ! ತಾತ ಹೋಗಿದ್ದು 1989ರಲ್ಲಿ. ಭಾಗ ಆದ್ಮೇಲೆ ನೋಡ್ಕೊಳ್ಳೋಣ ಅಂತ ಅಪ್ಪ ಚಿಕ್ಕಪ್ಪ ಇಬ್ಬರೂ ಬಿಟ್ಟಿದ್ದಾರೆ, ನಮ್ಮ ಕಡೆ ಮುಕ್ಕಾಲು ಮನೆ ಹಿಂಗೇ. ಉಳೋದು ಬಿತ್ತೋದು ಎಲ್ಲ ಅಪ್ಪ, ಕಾಗದದಲ್ಲಿ ತಾತ. ಹಂಗಾಗಿ ಅಪ್ಪನ ಸರ್ಟಿಫಿಕೇಟ್ ಒಂದೇ ಸಾಲಲ್ಲ, ತಾತನದು ಬೇಕು, ಅಜ್ಜಿದೂ ಬೇಕು. ಅಜ್ಜಿದು ಯಾಕೆ ಅಂತ ಚಿಕ್ಕಪ್ಪ ಕೇಳಿದ್ರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡ ಸತ್ತರೆ ಮಕ್ಕಳ ಜೊತೆ ಹೆಂಡತಿನೂ ಮೊದಲ ಸಾಲಿನ ವಾರಸುದಾರಳು, ವಂಶವೃಕ್ಷದಲ್ಲಿ ಅಜ್ಜಿ ಹೆಸರು ಬಂದೇ ಬರುತ್ತೆ, ಅವಳು ಇಲ್ಲ ಅನ್ನೋದಕ್ಕೆ ದಾಖಲೆ ಕೊಡ್ಬೇಕು. ಅತ್ತೆಯಂದಿರಿಬ್ಬರ ಹೆಸರೂ ಬರ್ಬೇಕು, ಅವರನ್ನ ಬಿಟ್ಟು ವಂಶವೃಕ್ಷ ಮಾಡಿಸೋದು ತಪ್ಪು, ಅದನ್ನ ನಾನು ಮನೆಯಲ್ಲಿ ಮೊದಲನೇ ದಿನವೇ ಗಟ್ಟಿಯಾಗಿ ಹೇಳಿದೆ.

ಹಳೇ ಸಾವಿನ ದಾಖಲೆ ಬೇಕು ಅಂದ್ರೆ ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮು. ಊರು, ವರ್ಷ, ಗೊತ್ತಿದ್ರೆ ತಿಂಗಳು ಕೂಡ ಬರೆದು ಅರ್ಜಿ ಕೊಡ್ಬೇಕು, ಯಾಕಂದ್ರೆ ರಿಜಿಸ್ಟರ್ ಇಡೋದೇ ಊರುವಾರು, ವರ್ಷವಾರು. ಸುಮ್ನೆ ಹೆಸರು ಹೇಳಿದ್ರೆ ಯಾರೂ ಹುಡುಕೋಕೆ ಆಗಲ್ಲ. ವರ್ಷ ಸರಿಯಾಗಿ ಗೊತ್ತಿಲ್ಲ ಅಂದ್ರೆ ಹಿಂದೆ ಮುಂದೆ ಎರಡೆರಡು ವರ್ಷ ಸೇರಿಸಿ ಕೇಳಿ, ಫೀಸು ವರ್ಷದ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಆಗುತ್ತೆ ಅಷ್ಟೇ, ರಸೀದಿ ಇಸ್ಕೊಳ್ಳಿ. ನಡುವೆ ಒಬ್ಬರು ಸಿಕ್ಕಿ ಎಲ್ಲ ನಾನೇ ಮಾಡಿಸ್ತೀನಿ ದುಡ್ಡು ಕೊಡಿ ಅಂದ್ರು, ಚಿಕ್ಕಪ್ಪ ಕೊಡೋಣ ಅಂತಲೇ ಇದ್ರು, ನಾನು ಬೇಡ ಅಂದೆ. ಅರ್ಜಿ ಬರೆಯೋಕೆ ಬರುತ್ತೆ, ಕಾಯೋಕೆ ಬರುತ್ತೆ, ಮತ್ತೇನು ಬೇಕು.

ತಾತನದು ಸಿಕ್ತು. ರೆಕಾರ್ಡ್ ರೂಮಿನವರು ರಿಜಿಸ್ಟರ್ ತಂದು ಆ ಪುಟ ತೋರಿಸಿದ್ರು, ಅಂಚೆಲ್ಲ ಹಳದಿ ಆಗಿ ಮುಟ್ಟಿದ್ರೆ ಪುಡಿ ಆಗೋ ಹಂಗಿದೆ. ಮೃತರ ಹೆಸರು ಅನ್ನೋ ಕಡೆ ಪಹಣಿಯಲ್ಲಿರೋ ಪೂರ್ತಿ ಹೆಸರಿಲ್ಲ, ಊರಲ್ಲಿ ಕರೀತಿದ್ದ ಹೆಸರು, ದೊಡ್ಡಯ್ಯ. ಮಾಹಿತಿ ಕೊಟ್ಟವರು ಅನ್ನೋ ಕಡೆ ಅಪ್ಪನ ಸಹಿ. ಇಪ್ಪತ್ತೇಳನೇ ವಯಸ್ಸಿನ ಅಪ್ಪ. ಆ ವಯಸ್ಸಲ್ಲಿ ಅವರ ಸಹಿ ಹೆಂಗಿತ್ತು ಅಂತ ನಾನು ನೋಡೇ ಇರ್ಲಿಲ್ಲ, ಕೊನೇ ಅಕ್ಷರದ ಕೆಳಗೆ ಗೆರೆ ಎಳೆಯೋದು ಮಾತ್ರ ಕೊನೇವರೆಗೂ ಹಂಗೇ ಇತ್ತು. ಸ್ವಲ್ಪ ಹೊತ್ತು ಮಾತಾಡೋಕೆ ಆಗ್ಲಿಲ್ಲ ನಂಗೆ. ರೆಕಾರ್ಡ್ ರೂಮಿನವರು ಪಾಪ, ನೋಡಿ ಅಮ್ಮಾ, ಅವಸರ ಇಲ್ಲ ಅಂದ್ರು. ಎರಡು ಹೆಸರೂ ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ, ವಿಎ (ಊರಿನ ಗ್ರಾಮ ಲೆಕ್ಕಿಗರು) ಹತ್ರ ಅಕ್ಕಪಕ್ಕದವರ ಸಹಿ ಹಾಕಿಸಿ ಮಹಜರ್, ಅಂದ್ರೆ ಸ್ಥಳ ವಿಚಾರಣೆಯ ಬರಹ, ಮಾಡಿಸ್ಕೊಂಡ್ವಿ.

ಅಜ್ಜಿದು ಸಿಗ್ಲಿಲ್ಲ. 1995, 96, 97 ಮೂರೂ ನೋಡಿದ್ರು. ಇಲ್ಲ. ಯಾರೂ ಬರೆಸೇ ಇಲ್ಲ ಅಂತ ಚಿಕ್ಕಪ್ಪ ಒಪ್ಕೊಂಡ್ರು. ತಾತನದು ಬರೆಸಿದ್ದು ಸೊಸೈಟಿ ಸಾಲದ ಕಾಗದಕ್ಕೆ ಬೇಕಿತ್ತು ಅಂತ. ಅಜ್ಜಿ ಹೆಸರಲ್ಲಿ ಜಮೀನಿಲ್ಲ, ಸಾಲ ಇಲ್ಲ, ಪಾಸ್‌ಬುಕ್ ಇಲ್ಲ, ಯಾರು ಕೇಳ್ತಾರೆ ಅಂತ ಸುಮ್ನಾಗಿದ್ದಾರೆ. ನಂಗೆ ಇದು ತುಂಬ ಚುಚ್ಚಿತು. ಆ ಹೊಲದಲ್ಲಿ ಕಡ್ಲೇಕಾಯಿ ಕಿತ್ತಿದ್ದು, ರಾಗಿ ತೆನೆ ಕೊಯ್ದಿದ್ದು, ತಾತ ಹೋದ್ಮೇಲೆ ಏಳು ವರ್ಷ ಬೇಸಾಯ ನಿಲ್ಲಿಸದೆ ಇದ್ದಿದ್ದು ಅಜ್ಜಿ. ಅವಳು ಹುಟ್ಟಿದ್ದೂ ಎಲ್ಲೂ ಬರೆದಿಲ್ಲ, ಹೋಗಿದ್ದೂ ಬರೆದಿಲ್ಲ. ನಿಮ್ಮ ಮನೆಯಲ್ಲೂ ಒಂದ್ಸಲ ಕೇಳಿ ನೋಡಿ, ತಾತಂದಿರದು ಇರುತ್ತೆ, ಅಜ್ಜಿಯಂದಿರದು ಇರಲ್ಲ.

ರಿಜಿಸ್ಟರಲ್ಲಿ ಇಲ್ಲ ಅಂದಾಗ ಬರೀ ಬಾಯಲ್ಲಿ ಕೇಳಿಸ್ಕೊಂಡು ವಾಪಸ್ ಬರ್ಬೇಡಿ. ದಾಖಲೆ ಲಭ್ಯವಿಲ್ಲ ಅಂತ ಹಿಂಬರಹ ಬರೆಸಿ ತಗೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಅದೇ ಬುಡ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಇಪ್ಪತ್ತೊಂದು ದಿನ ದಾಟಿ ಮೂವತ್ತು ದಿನದ ಒಳಗಾದ್ರೆ ತಡದ ಶುಲ್ಕ ಕಟ್ಟಿದ್ರೆ ಆಯ್ತು, ಮೂವತ್ತು ದಿನದಿಂದ ಒಂದು ವರ್ಷದವರೆಗೆ ಮೇಲಿನ ಅಧಿಕಾರಿ ಲಿಖಿತ ಅನುಮತಿ ಬೇಕು, ಒಂದು ವರ್ಷ ದಾಟಿದ್ರೆ ಆದೇಶವೇ ಬೇಕು. ಈ ಆದೇಶಕ್ಕೆ ಹಿಂದೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗ್ಬೇಕಿತ್ತು, ವಕೀಲರನ್ನ ಇಟ್ಟು, ಸಾಕ್ಷಿ ಕರ್ಕೊಂಡು ಹೋಗಿ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ ಅಕ್ಟೋಬರ್ 1ರಿಂದ ಜಾರಿಗೆ ಬಂತು, ಅದರಲ್ಲಿ ಈ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ, ಉಪವಿಭಾಗದ ಮ್ಯಾಜಿಸ್ಟ್ರೇಟ್‌ಗೆ, ಇಲ್ಲ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್‌ಗೆ ಬಂದಿದೆ. ಉಪವಿಭಾಗದವರು ಅಂದ್ರೆ ನಮಗೆ ಎಸಿ, ಮಧುಗಿರಿಯಲ್ಲೇ ಇದ್ದಾರೆ.

ಆದ್ರೆ ಅರ್ಜಿಯಲ್ಲಿ ದಿನಾಂಕ ಬರೀಬೇಕಲ್ಲ. ಅಜ್ಜಿ ಹೋಗಿದ್ದು ಯಾವ ದಿನ? ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ವರ್ಷದ ಎಡೆ ಇಡೋದು ಮಹಾಲಯ ಅಮಾವಾಸ್ಯೆಗೆ, ಎಲ್ಲರಿಗೂ ಸೇರಿಸಿ. ಹೂತ ಜಾಗದಲ್ಲಿ ಕಲ್ಲಿದೆ, ಮೇಲೆ ಏನೂ ಕೆತ್ತಿಸಿಲ್ಲ. ದೊಡ್ಡತ್ತೆಗೆ ಫೋನ್ ಮಾಡಿದೆ. "ದಿನ ಎಲ್ಲಿ ನೆನಪಿರ್ತದೆ ಕಣವ್ವ, ಆ ವರ್ಸ ಉಗಾದಿಗೆ ಒಬ್ಬಟ್ಟು ಮಾಡ್ನಿಲ್ಲ ನಾವು, ಸೂತ್ಕ ಇನ್ನೂ ಕಳ್ದಿರ್ನಿಲ್ಲ, ಮಕ್ಳೆಲ್ಲ ಅತ್ಕೊಂಡು ಕೂತಿದ್ವು" ಅಂದ್ರು. 1996ರ ಉಗಾದಿ ಯಾವತ್ತು ಅಂತ ನೋಡಿದೆ, ಮಾರ್ಚ್ 20. ಹಂಗಾದ್ರೆ ಹತ್ತು ಹನ್ನೊಂದು ದಿನದ ಒಳಗೆ ಎಲ್ಲೋ ಇದೆ.

ಮೊನ್ನೆ ಭಾನುವಾರ ಊರಿಗೆ ಹೋಗಿ ಅಪ್ಪನ ಟ್ರಂಕ್ ತೆಗೆದೆ. ಅಪ್ಪನಿಗೆ ಲೆಕ್ಕ ಬರೆಯೋ ಅಭ್ಯಾಸ, ಗೊಬ್ಬರ ತಂದಿದ್ದು, ಆಳಿನ ಕೂಲಿ, ನಮ್ಮ ಸ್ಕೂಲ್ ಫೀಸು ಎಲ್ಲ ನೋಟ್‌ಬುಕ್ಕಲ್ಲಿ ಇರ್ತಿತ್ತು. ನಾಲ್ಕನೇ ನೋಟ್‌ಬುಕ್ಕಲ್ಲಿ ಸಿಕ್ತು. "16-3-96 ಅವ್ವನ ಹಾಲುತುಪ್ಪ", ಅದರ ಕೆಳಗೆ ಹಾಲು, ತುಪ್ಪ, ಬಾಳೆಹಣ್ಣು, ಊದಿನಕಡ್ಡಿ, ಒಂದೊಂದರ ಮುಂದೆ ರೂಪಾಯಿ. ಆಮೇಲೆ ಇನ್ನೊಂದು ಪುಟದಲ್ಲಿ 24ನೇ ತಾರೀಕು ಹನ್ನೊಂದನೇ ದಿನದ ಅಕ್ಕಿ ಬೇಳೆ ಲೆಕ್ಕ. ನಮ್ಮಲ್ಲಿ ಹಾಲುತುಪ್ಪ ಮೂರನೇ ದಿನಕ್ಕೆ. ಎರಡು ಕಡೆಯಿಂದ ಎಣಿಸಿದ್ರೂ ಮಾರ್ಚ್ 14ಕ್ಕೇ ಬರುತ್ತೆ, ಗುರುವಾರ. ಅತ್ತೆಗೆ ಹೇಳಿದೆ, ಹೂಂ ಗುರುವಾರನೇ ಅಂತ ಅಳೋಕೆ ಶುರು ಮಾಡಿದ್ರು.

ಇವತ್ತು ಆ ಎರಡು ಪುಟದ ಜೆರಾಕ್ಸ್, ಹಿಂಬರಹ, ಅಫಿಡವಿಟ್, ಊರಿನ ಹಿರಿಯರು ಇಬ್ಬರ ಹೇಳಿಕೆ, ಅಜ್ಜಿ ಹೆಸರಿದ್ದ ಹಳೇ ರೇಷನ್ ಕಾರ್ಡ್ ಎಲ್ಲ ಸೇರಿಸಿ ಕೊಟ್ವಿ. ಅಲ್ಲಿದ್ದವರು ನೋಟ್‌ಬುಕ್ ಜೆರಾಕ್ಸ್ ಸಾಲ್ದು, ಒರಿಜಿನಲ್ ಜೋಪಾನವಾಗಿ ಇಟ್ಕೊಂಡಿರಿ, ವಿಚಾರಣೆಗೆ ಕೇಳಬಹುದು ಅಂದ್ರು. ವಿಎ ವರದಿ ಬಂದ್ಮೇಲೆ ಮುಂದಿನದು. ಆದೇಶ ಆದ್ರೆ ಬೇಕಾಗುತ್ತೆ ಅಂತ ಮರಣ ವರದಿ ಫಾರಂ ಕೂಡ ತುಂಬಿ ಇಟ್ಕೊಂಡ್ವಿ. ಅದರಲ್ಲಿ ಮೃತರ ಉದ್ಯೋಗ ಅಂತ ಒಂದು ಕಾಲಂ ಇದೆ. ಚಿಕ್ಕಪ್ಪ ಬರೀತಾ ಬರೀತಾ ಮನೆಕೆಲಸ ಅಂತ ಬರೆದ್ರು. ನಾನು ಇನ್ನೊಂದು ಫಾರಂ ಇಸ್ಕೊಂಡು ಬಂದು ಮೊದಲಿಂದ ತುಂಬಿ ಆ ಕಡೆ ವ್ಯವಸಾಯ ಅಂತ ಬರೆದೆ. ಚಿಕ್ಕಪ್ಪ ಓದಿ ಏನೂ ಹೇಳ್ಲಿಲ್ಲ, ಸಹಿ ಹಾಕಿದ್ರು.

ಮುಂದಿನ ವಾರ ವಿಎ ಊರಿಗೆ ಬಂದು ಮಹಜರ್ ಮಾಡ್ತಾರಂತೆ. ಅವತ್ತು ದೊಡ್ಡತ್ತೆನೂ ಬರ್ತೀನಿ ಅಂದಿದಾರೆ.