ಐದು ವರ್ಷದ ಮಕ್ಕಳಿಗೆ ಎಂಥ ಸಮಾಜ ವಿಜ್ಞಾನ, ಅದೂ ಚಿತ್ರಪುಸ್ತಕದಿಂದ?

ಶಿಶುವಿಹಾರದ ಮಕ್ಕಳಿಗೆ ನಾನು ಸಮಾಜ ವಿಜ್ಞಾನವನ್ನು ಚಿತ್ರಪುಸ್ತಕಗಳ ಮೂಲಕ ಕಲಿಸುತ್ತೇನೆಂದು ತಿಳಿದವರು, ಪೋಷಕರಾಗಲಿ ಹೊಸದಾಗಿ ವೃತ್ತಿಗೆ ಬಂದ ಶಿಕ್ಷಕರಾಗಲಿ, ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: "ಇನ್ನೂ ಅಕ್ಷರ ಕೂಡಿಸಿ ಓದಲು ಬಾರದ ಮಕ್ಕಳಿಗೆ ಎಂಥ ಸಮಾಜ ವಿಜ್ಞಾನ? ನೀವು ಮಾಡುವುದು ಕಥೆ ಓದುವುದು. ಅದು ಭಾಷೆಯ ಪಾಠವಲ್ಲವೇ?" ಈ ಅನುಮಾನ ನ್ಯಾಯವಾದದ್ದು. ಹಾಗಾಗಿ ಒಮ್ಮೆ ಸಾವಧಾನವಾಗಿ ಬರೆದು ಉತ್ತರಿಸಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಸಮಾಜ ವಿಜ್ಞಾನವೆಂದರೆ ರಾಜರ ಹೆಸರು ಮತ್ತು ರಾಜಧಾನಿಗಳ ಪಟ್ಟಿ ಎಂದಾದರೆ, ಐದು ವರ್ಷದ ಮಗುವಿಗೆ ಅದು ಖಂಡಿತ ಬೇಡ. ಆದರೆ ಜನ ಕೂಡಿ ಹೇಗೆ ಬಾಳುತ್ತಾರೆ, ಯಾವ ಕೆಲಸವನ್ನು ಯಾರು ಮಾಡುತ್ತಾರೆ, ಈ ನಿಯಮವನ್ನು ಮಾಡಿದವರು ಯಾರು, ಈ ವಸ್ತು ಯಾರದು, ಮೊದಲು ಹೇಗಿತ್ತು ಮತ್ತು ಈಗ ಹೇಗಿದೆ ಎಂಬ ಪ್ರಶ್ನೆಗಳು ಆ ವಿಷಯದ ಬೇರಿನಲ್ಲಿವೆ. ಜಾರುಬಂಡೆಯ ಮುಂದೆ ಸಾಲಿನಲ್ಲಿ ನಿಂತಾಗ, ಒಂದೇ ಆಟಿಕೆಗಾಗಿ ಇಬ್ಬರು ಕಿತ್ತಾಡಿದಾಗ, ಹೊಸ ಮಗುವೊಂದು ತರಗತಿಗೆ ಬಂದು ಬಾಗಿಲಲ್ಲೇ ಅಳುತ್ತ ನಿಂತಾಗ ಮಕ್ಕಳು ಈ ಪ್ರಶ್ನೆಗಳ ನಡುವೆಯೇ ಇರುತ್ತಾರೆ. ಜಗಳದ ಬಿಸಿಯಲ್ಲಿ ಯಾರೂ ಯೋಚಿಸಲಾರರು. ಅದೇ ಜಗಳ ಪುಸ್ತಕದ ಪುಟದ ಮೇಲೆ ಬೇರೆ ಯಾರಿಗೋ ಆದಾಗ, ಇಡೀ ತರಗತಿ ಕುಳಿತು ಅದನ್ನು ನೋಡಬಹುದು, ಪುಟ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಬಹುದು.

"ಒಟ್ಟಾಗಿ ಓದುವುದು" ಎಂದಾಗ ಶಿಕ್ಷಕಿ ಓದಿ ಮಕ್ಕಳು ಸುಮ್ಮನೆ ಕೇಳುವುದು ನನ್ನ ಮನಸ್ಸಿನಲ್ಲಿಲ್ಲ. ನ್ಯೂಜಿಲೆಂಡಿನ ಶಿಕ್ಷಣತಜ್ಞ ಡಾನ್ ಹೋಲ್ಡವೇ 1979ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಕ್ರಮವನ್ನು ವಿವರಿಸಿದರು. ರಾತ್ರಿ ಮಲಗುವ ಮುನ್ನ ತಾಯಿಯ ತೊಡೆಯ ಮೇಲೆ ಕುಳಿತ ಮಗುವಿಗೆ ಪುಸ್ತಕ ಸಿಗುವ ರೀತಿಯಲ್ಲೇ ಇಡೀ ತರಗತಿಗೂ ಸಿಗಬೇಕೆಂಬುದು ಅವರ ಆಶಯ; ಅದಕ್ಕಾಗಿ ಎಲ್ಲರಿಗೂ ಕಾಣುವಷ್ಟು ದೊಡ್ಡ ಹಾಳೆಗಳ ಪುಸ್ತಕಗಳು ಬಳಕೆಗೆ ಬಂದವು. ಅವರ ಕಾಳಜಿ ಮುಖ್ಯವಾಗಿ ಓದು ಕಲಿಸುವುದಾಗಿತ್ತು. ನನಗೆ ಅದರಲ್ಲಿ ಸಮಾಜ ಪಾಠ ಕಂಡದ್ದು ಇಪ್ಪತ್ತು ಜೋಡಿ ಕಣ್ಣುಗಳು ಒಂದೇ ಚಿತ್ರದ ಮೇಲಿರುವಾಗ ಒಬ್ಬೊಬ್ಬರು ಒಂದೊಂದನ್ನು ಕಾಣುತ್ತಾರೆ ಎಂಬ ಕಾರಣಕ್ಕೆ. ತನಗೆ ಕಂಡದ್ದು ಪಕ್ಕದವನಿಗೆ ಕಂಡಿಲ್ಲ, ಅವನಿಗೆ ಕಂಡದ್ದೂ ಅಲ್ಲೇ ಇದೆ ಎಂಬುದನ್ನು ಮಗು ಆಗ ಬೆರಳಿಟ್ಟು ಪರೀಕ್ಷಿಸಿ ಒಪ್ಪಿಕೊಳ್ಳುತ್ತದೆ.

ಒಂದು ಉದಾಹರಣೆಯನ್ನು ವಿವರವಾಗಿಯೇ ಹೇಳುತ್ತೇನೆ. ನಾನು ಬರೆದು, ಸಹೋದ್ಯೋಗಿಯೊಬ್ಬರು ಚಿತ್ರ ಬಿಡಿಸಿಕೊಟ್ಟ 16 ಹಾಳೆಗಳ ದೊಡ್ಡ ಪುಸ್ತಕವೊಂದು ನಮ್ಮ ತರಗತಿಯಲ್ಲಿದೆ. ಹುಡುಗಿಯೊಬ್ಬಳು ಬಸ್ಸಿನಲ್ಲಿ ಕೊಡೆ ಮರೆತು ಇಳಿಯುತ್ತಾಳೆ. ಮರುದಿನ ಅದು ಅವಳಿಗೆ ಸಿಗುತ್ತದೆ. ಕಥೆ ಅಷ್ಟೇ. ಬರಹದಲ್ಲಿ ಬರುವವರು ಹುಡುಗಿ, ಅವಳ ತಂದೆ ಮತ್ತು ಬಸ್ಸಿನ ಚಾಲಕ, ಈ ಮೂವರು ಮಾತ್ರ. ಮೊದಲ ದಿನ ಎಲ್ಲೂ ನಿಲ್ಲಿಸದೆ ಓದಿದೆ, ಏಕೆಂದರೆ ಕಥೆ ಏನಾಗುವುದೋ ಎಂಬ ಕುತೂಹಲವಿರುವಾಗ ಪ್ರಶ್ನೆ ಕೇಳುವುದು ಮಕ್ಕಳಿಗೆ ಮಾಡುವ ಅನ್ಯಾಯ. ಎರಡನೆಯ ದಿನ ಬರಹ ಓದದೆ ಚಿತ್ರಗಳನ್ನಷ್ಟೇ ನೋಡಿದೆವು. ಆಗ ಹಿಂದಿನ ಸಾಲಿನಲ್ಲಿದ್ದ, ಸಾಮಾನ್ಯವಾಗಿ ಬಾಯಿ ತೆರೆಯದ ಹುಡುಗನೊಬ್ಬ ಎದ್ದು ಬಂದು ಒಂಬತ್ತನೆಯ ಹಾಳೆಯ ಮೂಲೆಯನ್ನು ಮುಟ್ಟಿ, "ಟೀಚರ್, ಈ ಆಂಟಿನೇ ಕೊಡೆ ಎತ್ತಿಕೊಂಡಿದ್ದು. ಆದರೆ ಕಥೆಯಲ್ಲಿ ಅವರ ಬಗ್ಗೆ ಏನೂ ಹೇಳಿಲ್ಲ" ಎಂದ. ಖಾಲಿ ಬಸ್ಸಿನ ನೆಲ ಒರೆಸುತ್ತಿದ್ದ ಹೆಂಗಸಿನ ಕೈಯಲ್ಲಿ ಕೊಡೆಯಿತ್ತು. ಚಿತ್ರ ಬಿಡಿಸಿದವರು ಇಟ್ಟ ಆ ವಿವರವನ್ನು ಬರೆದ ನಾನೇ ಗಮನಿಸಿರಲಿಲ್ಲ.

ಮೂರನೆಯ ದಿನ ಕೊಡೆ ಯಾರ ಯಾರ ಕೈ ದಾಟಿ ಬಂತೆಂದು ಹುಡುಕಿದೆವು. ನೆಲ ಒರೆಸುವವರು, ಬಸ್ ನಿಲ್ದಾಣದ ಕಾವಲುಗಾರ, ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಪುಸ್ತಕದಲ್ಲಿ ಬರೆದಿಡುವವರು: ಕಥೆ ಹೆಸರಿಸದ ಮೂರು ಜನ ಸಿಕ್ಕರು. ನಾಲ್ಕನೆಯ ದಿನ ಒಬ್ಬಳು, ಸಿಕ್ಕಿದ್ದು ಸಿಕ್ಕಿದವರಿಗೇ ಸೇರಬೇಕು ಎಂದಳು. ತರಗತಿ ಇಬ್ಭಾಗವಾಯಿತು. ಕಳೆದುಕೊಂಡವರು ಬಾರದೇ ಹೋದರೆ? ಎಷ್ಟು ದಿನ ಕಾಯಬೇಕು? ಕೊಡೆ ತನ್ನದೇ ಎಂದು ಬೇರೆ ಯಾರಾದರೂ ಸುಳ್ಳು ಹೇಳಿದರೆ? ಒಡೆತನ, ಸಾಕ್ಷ್ಯ, ಗಡುವು ಎಂಬ ಪದಗಳನ್ನು ನಾನು ಬಳಸಲಿಲ್ಲ, ಆದರೆ ಚರ್ಚೆ ನಡೆದದ್ದು ಅವುಗಳ ಬಗ್ಗೆಯೇ. ಕೊನೆಗೆ ತರಗತಿಯಲ್ಲಿ ಒಂದು ಪೆಟ್ಟಿಗೆ ಇಟ್ಟು, ಸಿಕ್ಕ ವಸ್ತುವನ್ನು ಅದರಲ್ಲಿ ಹಾಕಬೇಕು, ಕೇಳಲು ಬಂದವರು ವಸ್ತುವನ್ನು ನೋಡುವ ಮೊದಲೇ ಅದರ ಗುರುತು ಹೇಳಬೇಕು ಎಂಬ ನಿಯಮವನ್ನು ಮಕ್ಕಳೇ ಮಾಡಿಕೊಂಡರು.

ಇದನ್ನು ಕೇಳಿದ ಕೆಲವರು, ಅಷ್ಟು ಸಣ್ಣ ಮಕ್ಕಳಿಗೆ ಇನ್ನೊಬ್ಬರ ದೃಷ್ಟಿಯಿಂದ ನೋಡಲು ಬರುವುದಿಲ್ಲವಲ್ಲ ಎನ್ನುತ್ತಾರೆ. ಇದರ ಹಿಂದೆ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಅವರ ಪ್ರಸಿದ್ಧ ಪ್ರಯೋಗವಿದೆ: ಮೂರು ಬೆಟ್ಟಗಳ ಮಾದರಿಯ ಮುಂದೆ ಕುಳಿತ ಸಣ್ಣ ಮಕ್ಕಳು, ಬೇರೆ ಕಡೆ ಕುಳಿತ ಗೊಂಬೆಗೆ ಏನು ಕಾಣುತ್ತದೆಂದು ಕೇಳಿದರೆ ಹೆಚ್ಚಾಗಿ ತಮಗೆ ಕಾಣುವುದನ್ನೇ ತೋರಿಸುತ್ತಿದ್ದರು. ಆದರೆ ಸಂಶೋಧಕ ಮಾರ್ಟಿನ್ ಹ್ಯೂಸ್ ಅದನ್ನೇ ಬದಲಿಸಿ, ಪೊಲೀಸ್ ಗೊಂಬೆಗೆ ಕಾಣದಂತೆ ಹುಡುಗನ ಗೊಂಬೆಯನ್ನು ಅಡಗಿಸಿಡಿ ಎಂದಾಗ, ನಾಲ್ಕು ವರ್ಷ ತುಂಬದವರು ಸೇರಿದಂತೆ ಬಹುಪಾಲು ಮಕ್ಕಳು ಸರಿಯಾಗಿ ಅಡಗಿಸಿದರು. ಮನೋವಿಜ್ಞಾನಿ ಮಾರ್ಗರೇಟ್ ಡೊನಾಲ್ಡ್‌ಸನ್ 1978ರಲ್ಲಿ ಇದನ್ನು ವಿವರಿಸುತ್ತ, ಅಡಗುವುದು ಮತ್ತು ಹುಡುಕುವುದು ಮಕ್ಕಳಿಗೆ ಅರ್ಥವಾಗುವ ಮನುಷ್ಯ ಉದ್ದೇಶಗಳು, ಬೆಟ್ಟಗಳ ಪ್ರಯೋಗದಲ್ಲಿ ಅಂಥ ಉದ್ದೇಶವೇನೂ ಇರಲಿಲ್ಲ ಎಂದು ತೋರಿಸಿದರು. ಚಿತ್ರಪುಸ್ತಕವನ್ನು ನಾನು ನಂಬುವುದು ಇದಕ್ಕಾಗಿ. "ಇತರರನ್ನು ಗೌರವಿಸಬೇಕು" ಎಂಬ ವಾಕ್ಯ ಮಗುವಿಗೆ ಬೆಟ್ಟದ ಮಾದರಿಯಿದ್ದಂತೆ. ಕೊಡೆ ಕಳೆದುಕೊಂಡ ಹುಡುಗಿ ಹಾಗಲ್ಲ.

ಪ್ರಶ್ನೆ ಕೇಳುವ ಕ್ರಮದ ಬಗ್ಗೆ ಎರಡು ಮಾತು. 1988ರಲ್ಲಿ ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪರೀಕ್ಷಿಸಿದ ಸಂವಾದ ಓದಿನಲ್ಲಿ ಮಗು ಕಥೆ ಹೇಳುತ್ತದೆ, ದೊಡ್ಡವರು ಕೇಳುತ್ತಾರೆ. ಅದು ತಂದೆತಾಯಿಯರು ಒಂದು ಮಗುವಿನೊಂದಿಗೆ ಓದುವ ಸಂದರ್ಭ. ಇಡೀ ತರಗತಿಯಲ್ಲಿ ಅದನ್ನೇ ಮಾಡಹೊರಟರೆ ಮಾತುಗಾರ ಮಕ್ಕಳು ನಾಲ್ವರೇ ಉತ್ತರಿಸುತ್ತಾರೆ, ಆದ್ದರಿಂದ ಮೊದಲು ಪಕ್ಕದವರಿಗೆ ಹೇಳಿ ಎನ್ನುತ್ತೇನೆ. ಇನ್ನೊಂದು, ಕಾಯುವುದು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ, ಮೌನವಾಗಿರುವವರೂ ಮಾತನಾಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಕಂಡುಕೊಂಡರು. ಮೂರು ಸೆಕೆಂಡುಗಳ ಮೌನ ತರಗತಿಯಲ್ಲಿ ಬಹಳ ದೀರ್ಘವೆನಿಸುತ್ತದೆ. ಅದನ್ನು ಸಹಿಸಲು ನಾನು ವರ್ಷಗಳ ಕಾಲ ಅಭ್ಯಾಸ ಮಾಡಬೇಕಾಯಿತು.

ಪುಸ್ತಕದ ಆಯ್ಕೆಯಲ್ಲಿ ನಾನು ಮಾಡಿದ ಒಂದು ತಪ್ಪು ಇಂದಿಗೂ ನೋಯಿಸುತ್ತದೆ. ಕುಟುಂಬದ ಪಾಠಕ್ಕೆಂದು ಅಪ್ಪ, ಅಮ್ಮ, ಅಣ್ಣ, ತಂಗಿ ಇರುವ ಒಂದೇ ಪುಸ್ತಕ ಓದಿ, "ನಿಮ್ಮ ಮನೆಯೂ ಹೀಗೇ ಅಲ್ಲವೇ?" ಎಂದು ಕೇಳಿದ್ದೆ. ಅಜ್ಜಿಯೊಬ್ಬರ ಜೊತೆಯಲ್ಲೇ ಬೆಳೆಯುತ್ತಿದ್ದ ಹುಡುಗಿ ಅಂದು ಕೊನೆಯವರೆಗೂ ತಲೆ ಎತ್ತಲಿಲ್ಲ. ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ, ಪುಸ್ತಕಗಳು ಮಗುವಿಗೆ ಬೇರೆಯವರ ಬದುಕು ಕಾಣುವ ಕಿಟಕಿಯೂ ಆಗಬೇಕು, ತನ್ನ ಬದುಕು ಕಾಣುವ ಕನ್ನಡಿಯೂ ಆಗಬೇಕು ಎಂಬರ್ಥದ ಮಾತು ಬರೆದಿದ್ದರು. ಅದನ್ನು ಓದಿದ್ದೆ, ಆದರೆ ಅರ್ಥವಾದದ್ದು ಆ ಹುಡುಗಿಯ ಮೌನದಿಂದ. ಈಗ ಕುಟುಂಬದ ವಿಷಯಕ್ಕೆ ಕನಿಷ್ಠ ಮೂರು ಪುಸ್ತಕಗಳನ್ನು ಅಕ್ಕಪಕ್ಕ ತೆರೆದಿಡುತ್ತೇನೆ. ಪ್ರಾಣಿಗಳೇ ಮನುಷ್ಯರಂತೆ ನಡೆಯುವ ಕಥೆಗಳನ್ನು ಸಂತೋಷಕ್ಕಾಗಿ ಓದುತ್ತೇವೆ. ಹಂಚಿಕೊಳ್ಳುವಿಕೆಯಂಥ ವಿಷಯಕ್ಕೆ ಮನುಷ್ಯ ಪಾತ್ರಗಳನ್ನೇ ಆರಿಸುತ್ತೇನೆ. ಟೊರಾಂಟೊದಲ್ಲಿ 4ರಿಂದ 6 ವರ್ಷದ ಮಕ್ಕಳೊಂದಿಗೆ ನಡೆದ ಅಧ್ಯಯನವೊಂದರಲ್ಲಿ, ಮನುಷ್ಯ ಪಾತ್ರಗಳ ಕಥೆ ಕೇಳಿದವರು ತಮ್ಮ ಸ್ಟಿಕ್ಕರುಗಳನ್ನು ಮೊದಲಿಗಿಂತ ಹೆಚ್ಚು ಹಂಚಿದರು, ಪ್ರಾಣಿ ಪಾತ್ರಗಳ ಅದೇ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ.

ಪಾಠಗಳು ಮನೆಯಿಂದ ಶಾಲೆಗೆ, ಶಾಲೆಯಿಂದ ನೆರೆಹೊರೆಗೆ, ಅಲ್ಲಿಂದ ಹೊರಕ್ಕೆ ಸಾಗಬೇಕೆಂಬ ಕ್ರಮದ ಬಗ್ಗೆಯೂ ಹಲವರು ಕೇಳುತ್ತಾರೆ. ಅಮೆರಿಕದ ಶಿಕ್ಷಣತಜ್ಞ ಪಾಲ್ ಹ್ಯಾನಾ ಕಳೆದ ಶತಮಾನದಲ್ಲಿ ರೂಪಿಸಿದ ಆ ಕ್ರಮ ಪಠ್ಯ ಯೋಜನೆಗೆ ಅನುಕೂಲಕರ, ಆದರೆ ಮಕ್ಕಳ ಕುತೂಹಲ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ. ಹಿಮದ ನಾಡಿನ ಮನೆಯೊಂದರ ಚಿತ್ರವನ್ನು ಅವರು ತಮ್ಮ ಬೀದಿಯ ಚಿತ್ರಕ್ಕಿಂತ ಹೆಚ್ಚು ಹೊತ್ತು ನೋಡುತ್ತಾರೆ.

ಇದೆಲ್ಲ ಕಲಿಕೆಯೆಂದು ಗೊತ್ತಾಗುವುದು ಹೇಗೆ ಎಂದು ಕೇಳುವವರಿಗೆ ನಮ್ಮ ಕೊಡೆಯ ಪುಸ್ತಕವನ್ನೇ ತೋರಿಸುತ್ತೇನೆ. ಅದರಲ್ಲಿ ಈಗ 17 ಹಾಳೆಗಳಿವೆ. ಒಂಬತ್ತನೆಯದರ ನಂತರ ಮಕ್ಕಳು ಸೇರಿಸಿದ ಹಾಳೆಯಲ್ಲಿ ನೆಲ ಒರೆಸುವ ಹೆಂಗಸು ಇಡೀ ಪುಟ ತುಂಬಿ ನಿಂತಿದ್ದಾರೆ. ಅದರ ಕೆಳಗಿನ ಸಾಲನ್ನು ಮಕ್ಕಳು ಹೇಳಿದಂತೆಯೇ ಬರೆದಿದ್ದೇನೆ: "ಇವರು ಕೊಡೆಯನ್ನು ಮನೆಗೆ ತೆಗೆದುಕೊಂಡು ಹೋಗಲಿಲ್ಲ. ಇವರ ಹೆಸರು ನಮಗೆ ಗೊತ್ತಿಲ್ಲ, ಕೇಳಬೇಕು."