ಬಿಡುವಿನ ದಿನ: ಶಿವಪ್ಪ ನಾಯಕನ ಅರಮನೆಯಿಂದ ಕೆಳದಿಗೆ

ಜೋಗ, ಸಿಗಂದೂರು, ಸಕ್ರೆಬೈಲಿನ ಆನೆ ಬಿಡಾರ ಎಲ್ಲವೂ ಮುಗಿದು, ನಮ್ಮ ಬಡಾವಣೆಯ ತಂಡಕ್ಕೆ ಶಿವಮೊಗ್ಗದಲ್ಲಿ ಒಂದು ದಿನ ಬಿಡುವು ಸಿಕ್ಕಿತು. ಹೆಚ್ಚಿನವರು ಗಾಂಧಿ ಬಜಾರಿನ ಕಡೆ ಹೊರಟರು. ನಿವೃತ್ತ ಇತಿಹಾಸ ಮೇಷ್ಟ್ರು, ನಮ್ಮ ಪಕ್ಕದ ಮನೆಯ ಅಕ್ಕ ಮತ್ತು ನಾನು ತುಂಗಾ ತೀರದ ಶಿವಪ್ಪ ನಾಯಕನ ಅರಮನೆಯ ದಾರಿ ಹಿಡಿದೆವು. ಅದು ಈಗ ಸರ್ಕಾರಿ ವಸ್ತುಸಂಗ್ರಹಾಲಯ.

ಅರಮನೆಗೆ ಶಿವಪ್ಪ ನಾಯಕನ ಹೆಸರಿದ್ದರೂ ಈಗಿನ ಕಟ್ಟಡ ಹದಿನೆಂಟನೆಯ ಶತಮಾನದಲ್ಲಿ, ಹೈದರಾಲಿಯ ಕಾಲದಲ್ಲಿ ಎದ್ದದ್ದು ಎನ್ನುವವರೂ ಇದ್ದಾರೆ. ಯಾರು ಕಟ್ಟಿಸಿದರೇನು, ಮರದ ದಪ್ಪ ಕಂಬಗಳ ಆ ದರ್ಬಾರು ಅಂಕಣದಲ್ಲಿ ನಿಂತರೆ ಮಲೆನಾಡಿನ ಬಡಗಿಗಳ ಕೈಗೆ ಮುಗಿಯಬೇಕೆನಿಸುತ್ತದೆ. ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿದ, ಕೆಳದಿ ನಾಯಕರ ಮನೆತನದ ದೊರೆ. ಮಣ್ಣಿನ ಗುಣ ನೋಡಿ, ಇಳುವರಿ ಅಳೆದು ಅವನು ನಿಗದಿ ಮಾಡಿದ ಕಂದಾಯವೇ 'ಶಿವಪ್ಪ ನಾಯಕನ ಶಿಸ್ತು'. ಯುದ್ಧ ಗೆದ್ದವರು ಬಹಳ ಮಂದಿ ಇದ್ದಾರೆ. ಹೊಲದ ಲೆಕ್ಕಕ್ಕಾಗಿ ಜನರ ನೆನಪಿನಲ್ಲಿ ಉಳಿದ ಅರಸರು ಎಷ್ಟು ಮಂದಿ?

ಒಳಗಿನದನ್ನು ಬೇಗ ನೋಡಿದೆವು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಹೊರಗಿನ ಅಂಗಳ. ಅಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಹೊಯ್ಸಳರ ಕಾಲದ ಶಿಲ್ಪಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಮೇಷ್ಟ್ರು ಹೇಳಿಕೊಟ್ಟರು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಇಕ್ಕೆಲಗಳಲ್ಲಿ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ಎಲ್ಲಕ್ಕೂ ಮೇಲೆ ಸೂರ್ಯ ಚಂದ್ರರು, ಅವರಿರುವವರೆಗೂ ಇವನ ಕೀರ್ತಿ ಇರಲಿ ಎಂದು. ಇವರಲ್ಲಿ ಬಹುಪಾಲು ಜನ ರಾಜ್ಯಕ್ಕಾಗಿ ಸತ್ತವರಲ್ಲ. ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತವರು, ಹೆಣ್ಣುಮಕ್ಕಳ ಮಾನ ಕಾಯಲು ಹೋದವರು. ಇವನ್ನೇ ಹೇಳುವ ತುರುಗೊಳ್, ಪೆಣ್ಬುಯ್ಯಲ್ ಎಂಬ ಮಾತುಗಳು ಹಳಗನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಅಕ್ಕ ನಿಂತದ್ದು ಒಂದು ಮಾಸ್ತಿಕಲ್ಲಿನ ಮುಂದೆ. ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಚಿ ಅಂಗೈ ಮೇಲೆತ್ತಿದೆ. ಮುಂಗೈಯಲ್ಲಿ ಬಳೆಗಳ ಗೆರೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಗಂಡನ ಚಿತೆ ಏರಿದವಳು ಮುತ್ತೈದೆಯಾಗಿಯೇ ಹೋದಳು ಎನ್ನಲು ಈ ಬಳೆ. "ಇವಳದು ಯಾವ ಊರು ಮೇಷ್ಟ್ರೇ?" ಎಂದು ಅಕ್ಕ ಕೇಳಿದರು. ಅಕ್ಷರವಿಲ್ಲದ ಕಲ್ಲಿಗೆ ಊರು ಹೇಳುವುದು ಕಷ್ಟ ತಾಯಿ, ಅದು ನಿಂತಿದ್ದ ಜಾಗವೇ ಅದರ ವಿಳಾಸ ಎಂದರು ಮೇಷ್ಟ್ರು.

ಆ ಮಾತು ದಿನವಿಡೀ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಸಂಗ್ರಹಾಲಯಕ್ಕೆ ಬಂದ ಕಲ್ಲು ಕಳ್ಳರ ಕೈಯಿಂದ, ರಸ್ತೆ ಅಗಲ ಮಾಡುವವರ ಯಂತ್ರದಿಂದ ಬದುಕಿಕೊಳ್ಳುತ್ತದೆ, ನಿಜ. ಆದರೆ ಅದು ಕಾಯುತ್ತಿದ್ದ ಕೆರೆ ಏರಿ, ಊರ ಬಾಗಿಲು, ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಹೂವೇರಿಸುತ್ತಿದ್ದ ಮನೆತನ ಹಿಂದೆಯೇ ಉಳಿದುಬಿಡುತ್ತವೆ.

ಕೆಳದಿಗೆ ಹೋಗೋಣ ಎಂಬ ಹಟ ನನಗೆ ಹುಟ್ಟಿದ್ದು ಅದರಿಂದಲೇ. ಬಸ್ಸಿನಲ್ಲಿ ಸಾಗರ, ಅಲ್ಲಿ ಊಟ, ಮುಂದೆ ಆಟೊ. ಕೆಳದಿ ನಾಯಕರ ಮೊದಲ ರಾಜಧಾನಿ ಇದು. ಆಮೇಲೆ ಇಕ್ಕೇರಿ, ಕಡೆಗೆ ಬಿದನೂರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವುದರೊಂದಿಗೆ ಆ ಮನೆತನದ ಆಳ್ವಿಕೆ ಮುಗಿಯಿತು.

ಕೆಳದಿಯ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಇತಿಹಾಸ ಸಂಶೋಧಕ ಕೆಳದಿ ಗುಂಡಾ ಜೋಯಿಸರು. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಶಿಲ್ಪ, ಆಯುಧ, ನಾಣ್ಯ ಎಲ್ಲ ಇದ್ದರೂ ಅಲ್ಲಿನ ನಿಜವಾದ ಸಂಪತ್ತು ಓಲೆಗರಿ ಮತ್ತು ಕಾಗದದ ಹಸ್ತಪ್ರತಿಗಳು. ಒಂದು ಕಟ್ಟಿನ ಮೇಲೆ ಬಗ್ಗಿ ನೋಡಿದೆ. ಎರಡು ಮರದ ಹಲಗೆಗಳ ನಡುವೆ ಗರಿಗಳು, ರಂಧ್ರದ ಮೂಲಕ ಹಾದ ದಾರ, ಕಂಟ ಎಂಬ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರಗಳಲ್ಲಿ ಕುಳಿತ ಮಸಿ. ಒಂದು ಅಂಚನ್ನು ಹುಳು ತಿಂದಿತ್ತು. ಸಾಲುಗಳು ಮಾತ್ರ ದಾರವಿಟ್ಟು ಅಳೆದಷ್ಟು ನೇರ. ತಿಗಳಾರಿ ಲಿಪಿಯ ಗರಿಗಳೂ ಇಲ್ಲಿವೆ. ಕರಾವಳಿ ಮತ್ತು ಮಲೆನಾಡಿನ ವೈದಿಕ ಮನೆಗಳಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಈ ಲಿಪಿಯನ್ನು ಸರಾಗವಾಗಿ ಓದಬಲ್ಲವರು ಈಗ ವಿರಳ. ತಿಂಗಳುಗಟ್ಟಲೆ ಮಳೆ ಹಿಡಿಯುವ ಸೀಮೆಯಲ್ಲಿ ಗರಿ ಉಳಿಯಬೇಕಾದರೆ ಯಾರಾದರೂ ಧೂಳು ಒರೆಸಿ, ಎಣ್ಣೆ ಸವರಿ, ಗಾಳಿಗೆ ಬಿಡುತ್ತಲೇ ಇರಬೇಕು. ಅಟ್ಟದ ಮೇಲೆ ಮರೆತ ಕಟ್ಟು ಮಣ್ಣಾಗುತ್ತದೆ. ಮನೆಗಳಿಂದ ಇವನ್ನು ಬೇಡಿ ತಂದು ಜೋಪಾನ ಮಾಡುವವರ ಋಣ ದೊಡ್ಡದು.

ಹಸ್ತಪ್ರತಿ ನೋಡಿ ಹೊರಬಂದರೆ ಅರಸರ ದೇವಾಲಯ ಅದೇ ಊರಿನಲ್ಲಿ ಇದೆ. ರಾಮೇಶ್ವರ, ಪಕ್ಕದಲ್ಲೇ ವೀರಭದ್ರ. ವೀರಭದ್ರನ ಗುಡಿಯ ಒಳಚಾವಣಿಯಲ್ಲಿ ಗಂಡಭೇರುಂಡವಿದೆ. ಕತ್ತು ನೋಯುವವರೆಗೆ ನೋಡಿದೆವು. ಮರಾಠಾ ದೊರೆ ಸಂಭಾಜಿಯ ಕೊಲೆಯಾದ ಮೇಲೆ, 1689ರಲ್ಲಿ, ತಮಿಳು ಸೀಮೆಯ ಜಿಂಜಿ ಕೋಟೆಯತ್ತ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟಳು. ಔರಂಗಜೇಬನ ಸೈನ್ಯ ಬಂದಾಗಲೂ ಬಗ್ಗಲಿಲ್ಲ. ಆ ಕಥೆಯನ್ನು ಮೇಷ್ಟ್ರು ಗುಡಿಯ ಜಗಲಿಯಲ್ಲಿ ಕುಳಿತು ಹೇಳಿದರು. ಶಾಲೆಯಲ್ಲಿ ಹಿಂದೆ ಓದಿದ್ದೇ ಆದರೂ ಅವಳ ಮನೆತನದ ನೆಲದಲ್ಲಿ ಕೇಳಿದಾಗ ಮೈ ಜುಮ್ಮೆಂದಿತು. ಬೆಳಗ್ಗೆ ಮಾಸ್ತಿಕಲ್ಲಿನ ಮುಂದೆ ಇಲ್ಲದೇ ಹೋದದ್ದು ಇದೇ ನೆಲ.

ಹಾಗಾಗಿ ನನ್ನ ಆಸೆ ಇಷ್ಟು. ತಾಲ್ಲೂಕಿಗೊಂದಾದರೂ ಕೆಳದಿಯಂಥ ಸಣ್ಣ ಸಂಗ್ರಹಾಲಯ ಇರಲಿ, ಕಲ್ಲು ಸಿಕ್ಕ ಊರಿನ ಹತ್ತಿರವೇ ನಿಲ್ಲಲಿ. ಊರಿನ ಮಕ್ಕಳೇ ಅದನ್ನು ಕೆಳಗಿನಿಂದ ಮೇಲಕ್ಕೆ ಓದಲು ಕಲಿಯಲಿ.

ಶಿವಮೊಗ್ಗಕ್ಕೆ ಮರಳಿದಾಗ ಕತ್ತಲಾಗಿತ್ತು. ಊಟದ ಹೊತ್ತಿಗೆ ಅಕ್ಕ ಬಳೆಯ ತೋಳಿನ ಸಂಗತಿಯನ್ನು ಎಲ್ಲರಿಗೂ ವಿವರಿಸಿದರು. ಮರುದಿನ ಬಸ್ಸನ್ನು ಸ್ವಲ್ಪ ತಡವಾಗಿ ಹೊರಡಿಸಿ, ಉಳಿದವರೂ ಅರಮನೆಯ ಅಂಗಳ ನೋಡಿಯೇ ಹೋಗುವುದೆಂದು ತೀರ್ಮಾನವಾಯಿತು.