ಬಗ್ ಏನಿಲ್ಲ ಸರ್, ಓದೋಕಾಗ್ಲಿಲ್ಲ

"ಇದ್ರಿಂದ ಯಾವ ಬಗ್ ಹೋಯ್ತಮ್ಮ?"

"ಬಗ್ ಏನಿಲ್ಲ ಸರ್. ನಂಗೆ ಓದೋಕಾಗ್ಲಿಲ್ಲ, ಅದಕ್ಕೇ."

ಒಬ್ಬ ಹುಡುಗಿ ಹಳೆ ಕೋಡನ್ನ ಒಪ್ಪ ಮಾಡಿ ಕಳಿಸಿದ್ದಳು. ಮಂಗಳವಾರದ ಕೋಡ್ ರಿವ್ಯೂನಲ್ಲಿ ಅದರ ಬಗ್ಗೆ ಆಗಿದ್ದು ಇಷ್ಟೇ ಮಾತು. ಇವತ್ತು ಶನಿವಾರ. ಆ ಹುಡುಗಿಯ ಉತ್ತರ ಇನ್ನೂ ಕಿವಿಯಲ್ಲಿದೆ. ಅವಳು ಟೀಮಿಗೆ ಹೊಸಬಳು. ಪ್ರಶ್ನೆ ಕೇಳಿದವರು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕೆಲಸದಲ್ಲೇ ತಲೆ ಬೆಳ್ಳಗಾದ ನಮ್ಮ ಸಾಹೇಬರು. ಒಳ್ಳೆಯವರೇ. ಆದ್ರೆ ಏನಾದರೂ ಕೇಳುವಾಗ ಕನ್ನಡಕದ ಮೇಲಿಂದ ನೋಡ್ತಾರೆ, ಅದೊಂದು ನನಗೆ ಆಗೋದಿಲ್ಲ.

ನಮ್ಮ ಕಂಪನಿ ತನ್ನ ಬದಲಾವಣೆ ಸೇರಿಸಿಕೊಂಡು ಇಟ್ಟಿರುವ ಇಎಕ್ಸ್‌ಟಿ4 ಅನ್ನೋ ಫೈಲ್‌ಸಿಸ್ಟಂನ (ಡಿಸ್ಕಿನಲ್ಲಿ ಫೈಲುಗಳನ್ನ ಇಡುವ ವ್ಯವಸ್ಥೆ) ಕೋಡಿನಲ್ಲಿ ಒಂದು ಉದ್ದನೆಯ ಫಂಕ್ಷನ್ ಇದೆ. ಇಫ್ ಒಳಗೆ ಇಫ್, ಅದರೊಳಗೆ ಫಾರ್ ಲೂಪ್, ಅದರೊಳಗೆ ಮತ್ತೆ ಇಫ್. ಲಿನಕ್ಸ್ ಕರ್ನಲ್‌ನಲ್ಲಿ ಒಂದು ಟ್ಯಾಬ್ ಅಂದ್ರೆ 8 ಅಕ್ಷರದ ಜಾಗ. ಬೇಕಂತಲೇ ಹಾಗೆ ಇಟ್ಟಿದ್ದಾರೆ. ಮೂರು ಹಂತಕ್ಕಿಂತ ಒಳಗೆ ಹೋದರೆ ಸಾಲುಗಳೆಲ್ಲ ಬಲಗಡೆಗೆ ಓಡುತ್ತವೆ, ಬರೆದವನಿಗೇ ನಾಚಿಕೆಯಾಗಬೇಕು. ಇಲ್ಲಿ ಯಾರಿಗೂ ಆಗಿರಲಿಲ್ಲ. ಅವಳು ಅದನ್ನ ಬಿಚ್ಚಿ, ಎರರ್ ಬಂದ ಕೂಡಲೇ ಗೋಟು (goto) ಹಾಕಿ, ಹಿಡಿದದ್ದನ್ನ ಬಿಡುಗಡೆ ಮಾಡುವ ಕೆಳಗಿನ ಲೇಬಲ್‌ಗೆ, ಅಂದ್ರೆ ಹೆಸರಿಟ್ಟ ಜಾಗಕ್ಕೆ, ಹೋಗುವ ಹಾಗೆ ಮಾಡಿದ್ದಳು. ಮೆಮೊರಿ ವಾಪಸ್ ಕೊಡುವ ಕೆಫ್ರೀ ಫಂಕ್ಷನ್ ಕರೆಯುವ ಮುಂಚೆ ಪಾಯಿಂಟರ್ ನಲ್ (ಖಾಲಿ) ಇದೆಯಾ ಅಂತ ನೋಡುವ ಇಫ್‌ಗಳನ್ನೂ ತೆಗೆದಿದ್ದಳು. ಸರಿಯೇ, ಕೆಫ್ರೀಗೆ ನಲ್ ಕೊಟ್ಟರೂ ಅದು ಏನೂ ಮಾಡದೆ ಸುಮ್ನೆ ವಾಪಸ್ ಬರುತ್ತೆ. ಜೊತೆಗೆ ಫೈಲಿನ ತುಂಬಾ ಸ್ಪೇಸ್ ಇದ್ದಲ್ಲೆಲ್ಲ ಟ್ಯಾಬ್. ಎಲ್ಲಾ ಒಂದೇ ಪ್ಯಾಚ್‌ನಲ್ಲಿ, ಅಂದ್ರೆ ಬದಲಾವಣೆಗಳ ಒಂದೇ ಕಟ್ಟಿನಲ್ಲಿ.

ಸಾಹೇಬರ ಪ್ರಶ್ನೆಯಲ್ಲಿ ಹುರುಳಿಲ್ಲ ಅಂತಲ್ಲ. ಫೈಲ್‌ಸಿಸ್ಟಂನಲ್ಲಿ ತಪ್ಪಾದರೆ ಅದು ಡಿಸ್ಕಿಗೆ ಬರೆದುಹೋಗುತ್ತೆ, ರೀಬೂಟ್ ಮಾಡಿದ ಮೇಲೂ ಅಲ್ಲೇ ಇರುತ್ತೆ. ಹಳೆ ಕರ್ನಲ್‌ಗಳಿಗೆ ಫಿಕ್ಸ್ ಬ್ಯಾಕ್‌ಪೋರ್ಟ್ ಮಾಡುವಾಗ (ಹೊಸದರಲ್ಲಿ ತಿದ್ದಿದ್ದನ್ನ ಹಳೆಯದಕ್ಕೂ ಹಾಕುವಾಗ) ಅಕ್ಕಪಕ್ಕದ ಸಾಲು ಬದಲಾಗಿದ್ದರೆ ಪ್ಯಾಚ್ ಕೂರೋದಿಲ್ಲ. ಈ ಸಾಲು ಯಾಕೆ ಬಂತು ಅಂತ ಸಾಲನ್ನ ಕೊನೆಗೆ ಮುಟ್ಟಿದವರನ್ನ ತೋರಿಸುವ ಗಿಟ್ ಬ್ಲೇಮ್ ಹಾಕಿದರೆ "ಟ್ಯಾಬ್ ಸರಿಪಡಿಸಿದೆ" ಅನ್ನೋ ಕಮಿಟ್ ಎದುರಿಗೆ ಬಂದು ನಿಲ್ಲುತ್ತೆ. ಬೇರೆಯವರ ಅಡುಗೆಮನೆ ಒಪ್ಪ ಮಾಡಿದ ಹಾಗೆ. ನೋಡೋಕೆ ಚೆಂದ, ಹುಳಿಪುಡಿ ಡಬ್ಬಿ ಮಾತ್ರ ಸಿಗೋದಿಲ್ಲ. ಸ್ಟೈಲಿನ ತಪ್ಪು ಹುಡುಕುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿ, ಅದು ಹೇಳಿದ್ದನ್ನೆಲ್ಲ ಹಳೆ ಫೈಲುಗಳಲ್ಲಿ ತಿದ್ದಿ ಕಳಿಸುವವರನ್ನ ಕಂಡರೆ ನನಗೂ ರೇಗುತ್ತೆ. ಒಂದು ಸಾಲಿಗೆ ಅದು ಹಾಕಿದ್ದ 80 ಅಕ್ಷರದ ಮಿತಿಯೇ 2020ರಲ್ಲಿ 100 ಆಯ್ತು. ಅಲ್ಲೀವರೆಗೆ ಸಾಲು ಮುರಿದು ಮುರಿದು ಹಾಕಿದ್ದೆಲ್ಲ ಯಾರ ಉದ್ಧಾರಕ್ಕೆ?

ಆದ್ರೂ, "ಓದೋಕಾಗ್ಲಿಲ್ಲ". ನಮ್ಮಲ್ಲಿ ಯಾರು ಹೀಗೆ ಬಾಯಿ ಬಿಟ್ಟು ಹೇಳ್ತಾರೆ? ಎಲ್ಲರೂ ಗೊತ್ತಿರೋರ ಹಾಗೆ ತಲೆ ಆಡಿಸ್ತೀವಿ. ಆ ಫಂಕ್ಷನ್ ಪೂರ್ತಿ ಗೊತ್ತಿರೋದು ಸಾಹೇಬರೊಬ್ಬರಿಗೆ. ಅವರು ರಜೆ ಹಾಕಿದ ವಾರ ಆ ಫೈಲಿನ ಹತ್ತಿರ ಯಾರೂ ಸುಳಿಯೋದಿಲ್ಲ. ಅವರಿಗೆ ಇದು ಒಳಗೊಳಗೇ ಇಷ್ಟ ಅಂತ ನನಗೆ ಅನುಮಾನ.

ಎಕ್ಸ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್‌ಸಿಸ್ಟಂ ನೋಡಿ. ಎಸ್‌ಜಿಐ ಕಂಪನಿಯ ಐರಿಕ್ಸ್ ಆಪರೇಟಿಂಗ್ ಸಿಸ್ಟಂನಿಂದ ಬಂದ, 90ರ ದಶಕದ ಕೋಡು. ಅದರ ತುಂಬಾ ಇದ್ದ ಟೈಪ್‌ಡೆಫ್‌ಗಳು (ಡೇಟಾ ಟೈಪ್‌ಗೆ ಇಡುವ ಅಡ್ಡಹೆಸರುಗಳು) ಲಿನಕ್ಸ್ ರೀತಿಗೆ ಒಗ್ಗುವಂಥದ್ದಲ್ಲ. ಒಂದೇ ಏಟಿಗೆ ಕಿತ್ತು ಹಾಕಲಿಲ್ಲ. ಬೇರೆ ಕೆಲಸಕ್ಕೆ ಕೈ ಹಾಕಿದಾಗ ಅಲ್ಲಿದ್ದದ್ದನ್ನೂ ತೆಗೆಯುತ್ತಾ ಬಂದರು, ವರ್ಷಗಟ್ಟಲೆ. ರೈಸರ್‌ಎಫ್‌ಎಸ್ ಅನ್ನೋ ಮತ್ತೊಂದು ಹಳೆ ಫೈಲ್‌ಸಿಸ್ಟಂಗೆ ಆ ಭಾಗ್ಯ ಇರಲಿಲ್ಲ. ಕರ್ನಲ್‌ನಲ್ಲಿ ಮೆಮೊರಿ ಲೆಕ್ಕ ಇಡುವ ರೀತಿಯೇ ಬದಲಾಗಿ ಪೇಜ್ ಹೋಗಿ ಫೋಲಿಯೋ ಬರುವಂಥ ದೊಡ್ಡ ಬದಲಾವಣೆ ಆದಾಗೆಲ್ಲ ಪ್ರತಿ ಫೈಲ್‌ಸಿಸ್ಟಂ ಕೋಡನ್ನೂ ಯಾರಾದರೂ ಕೂತು ಓದಿ ತಿದ್ದಬೇಕಲ್ವಾ? ಅದಕ್ಕೆ ಕೂರುವವರೇ ಇರಲಿಲ್ಲ. 2022ರಲ್ಲಿ ನೋಟಿಸ್ ಕೊಟ್ಟರು, 6.13 ಕರ್ನಲ್‌ನಲ್ಲಿ ತೆಗೆದೇಬಿಟ್ಟರು.

ಮೀಟಿಂಗ್ ಮುಗಿದ ಮೇಲೆ ಅವಳಿಗೆ ಹೇಳಿದೆ: "ಟ್ಯಾಬಿನದ್ದು ಬಿಟ್ಬಿಡಮ್ಮ. ಕೆಫ್ರೀದು ಒಂದು ಪ್ಯಾಚ್, ಗೋಟುದು ಇನ್ನೊಂದು." ಹಾಗೇ ಮಾಡಿ, ರಾತ್ರಿಯಿಡೀ ಎಫ್‌ಎಸ್‌ಟೆಸ್ಟ್ಸ್ ಅನ್ನೋ ಫೈಲ್‌ಸಿಸ್ಟಂ ಪರೀಕ್ಷೆಗಳನ್ನ ಓಡಿಸಿ, ಗುರುವಾರ ಮತ್ತೆ ಕಳಿಸಿದಳು. ನಿನ್ನೆ ಸಾಹೇಬರ ಕಾಮೆಂಟ್ ಬಂತು. ಲೇಬಲ್‌ಗೆ ಎರರ್1, ಎರರ್2 ಅಂತ ಹೆಸರಿಡಬಾರದಂತೆ, ಅಲ್ಲಿ ಏನು ಬಿಡುಗಡೆ ಮಾಡ್ತೀವೋ ಅದರ ಹೆಸರೇ ಇರಬೇಕಂತೆ. ಕರ್ನಲ್‌ನ ಸ್ಟೈಲ್ ಗೈಡ್ ಹೇಳೋದೂ ಅದನ್ನೇ. ಅವಳಿಗೆ ಸ್ವಲ್ಪ ಬೇಜಾರಾಯ್ತು. ನನಗೆ ಖುಷಿಯಾಯ್ತು. ಲೇಬಲ್ ಹೆಸರಿನ ತನಕ ಬಂದಿದ್ದಾರೆ ಅಂದ್ರೆ ಮನುಷ್ಯ ಪೂರ್ತಿ ಓದಿದ್ದಾರೆ. ಸೋಮವಾರ ಹೆಸರು ಬದಲಿಸಿ ಕಳಿಸ್ತಾಳಂತೆ.